"ದೇವರ ಮ್ಯಾಲೆ ಭಾರ ಹಾಕು" ಅಂತಾರ. ಹೆಂಗ ಹಾಕೂದು, ಯಾರರ ಹೇಳ್ರಿ

ಕಂಡಕಿ_ಅಕ್ಕ (ಬೆಟಗೇರಿ)
ಮೇ 12, ರಾತ್ರಿ 11:40

ಎಲ್ಲಾರಿಗೂ ಶರಣು. ಇಲ್ಲೆ ಓದಾಕಿ ಅಷ್ಟ, ಬರದಾಕಿ ಅಲ್ಲ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.

ಹೋದ ಶ್ರಾವಣದಾಗ ನಮ್ಮ ಮನಿಯವರು ತೀರಿಕೊಂಡ್ರು. 49 ವಯಸ್ಸು. ಗದಗ ಎಪಿಎಂಸಿಯೊಳಗ ಒಂದ ಅಡತಿ ಅಂಗಡ್ಯಾಗ ಲೆಕ್ಕಾ ಬರೀತಿದ್ರು. ಸಂಜಿಗೆ ಬಂದು "ಎದಿ ಹಿಡದಂಗ ಆಗೇತಿ, ಒಂದ ವಾಟಗಾ ನೀರ ಕೊಡು" ಅಂದ್ರು. ನೀರ ತರೂದರೊಳಗ ಎಲ್ಲಾ ಮುಗದಿತ್ತು. ಆ ವಾಟಗಾ ಇನ್ನೂ ಕಟ್ಟಿ ಮ್ಯಾಲೆ ಐತಿ. ಯಾರಿಗೂ ಅದರಾಗ ನೀರ ಕೊಡೂದಿಲ್ಲ, ಒಗೀಯೂದೂ ಇಲ್ಲ.

ನಾನು ಬಾಜೂ ಮನಿ ಮಗ್ಗಕ್ಕ ನೂಲಿನ ಕಂಡಕಿ ಸುತ್ತತೇನಿ. ಮಗಳು ಪಿಯುಸಿ ಮುಗಿಸ್ಯಾಳ, ಹುಬ್ಬಳ್ಳಿ ವಿದ್ಯಾನಗರದಾಗ ಬಿ.ಕಾಂ.ಗೆ ಸೀಟ ಸಿಕ್ಕೇತಿ. ಹುಬ್ಬಳ್ಳ್ಯಾಗಿರೂ ನನ್ನ ತಮ್ಮ ಹಳೇ ಹುಬ್ಬಳ್ಳಿ ಕಡೆ ಎರಡ ಖೋಲಿ ನೋಡ್ಯಾನ. "ಮಿರಗದ ಮಳಿ ಕೂಡೂದರೊಳಗ ಬಂದಬಿಡು, ಅಕ್ಕಾ. ರೊಟ್ಟಿ ಬಡಿ, ಖಾನಾವಳಿಗೆ ನಾ ಮುಟ್ಟಸ್ತೇನಿ" ಅಂತಾನ. ಚೊಲೋ ಮಾತs. ಆದ್ರ ಈ ಮನ್ಯಾಗ 22 ವರ್ಷ ಆತು. ಗ್ವಾಡಿ ಮ್ಯಾಲೆ ಮಗಳ ಎತ್ತರದ ಗೀಟ ಅದಾವ. ರಾತ್ರಿ ಮೂರಕ್ಕ ಎಚ್ಚರ ಆದ್ರ ಮುಗೀತು, ಬೆಳಗಿನ ತನಕ ಗಿರಣಿ ತಿರಗಿದಂಗ ತಲಿ ತಿರಗತೈತಿ.

ಬಂದಾವರು ಹೋದಾವರು ಹೇಳೂದು ಒಂದ ಮಾತು, "ದೇವರ ಮ್ಯಾಲೆ ಭಾರ ಹಾಕು, ಧೈರ್ಯ ತಾನ ಬರತೈತಿ." ಹೆಂಗ ಹಾಕೂದ್ರಿ? ಅದೇನ ಜ್ವಾಳದ ಚೀಲ ಏನ, ನನ್ನ ಹೆಗಲಿಂದ ಇಳಿಸಿ ಅವನ ಹೆಗಲಿಗೆ ಏರಸಾಕ?

ಇನ್ನೊಂದ ಮಾತ, ಯಾರ ಮುಂದೂ ಹೇಳಿಲ್ಲ. ಅವರನ್ನ ಸಮಾಧಿ ಮಾಡುವಾಗ ಅವರ ಎಡಗೈಯಾಗ ಅವರ ಲಿಂಗ ಇಟ್ಟು ಕಳಿಸಿದ್ವಿ. ನನ್ನದು ಕೊಳ್ಳಾಗ ಐತಿ. ಆದ್ರ ಅವತ್ತಿನಿಂದ ಲಿಂಗದ ಕರಡಿಗಿ ಬಿಚ್ಚಿಲ್ಲ. ಮೊದಲ ನಮ್ಮ ನೆಗೆಣ್ಣಿ "ಸೂತಕ ಐತಿ, ಪೂಜಿ ಬ್ಯಾಡ" ಅಂದ್ಲು, ಬಿಟ್ಟೆ. ಆಮ್ಯಾಲೆ ಕೈ ಮ್ಯಾಲಕ್ಕ ಏಳಲಿಲ್ಲ. ಸಿಟ್ಟೋ, ಅಂಜಿಕಿಯೋ, ತಿಳೀವಲ್ದು.

ನಂಬಿಕಿಯಿಂದ ಧೈರ್ಯ ಬಂದಾವರು ಯಾರರ ಇದ್ರ ಹೇಳ್ರಿ. ಉಪದೇಶ ಬ್ಯಾಡ. ಯಾವ ದಿನ ಬಂತು, ಅವತ್ತ ನೀವು ಏನ ಮಾಡಾಕತ್ತಿದ್ರಿ, ಅಷ್ಟ ಹೇಳ್ರಿ ಸಾಕು.

—

ವರ್ಕ್‌ಶಾಪ್_ಕಾಕಾ (ಹಳೇ ಹುಬ್ಬಳ್ಳಿ)
ಮೇ 13, ಬೆಳಿಗ್ಗೆ 5:55

ತಂಗೀ, ಧೈರ್ಯ ಬಂದ ಮ್ಯಾಲೆ ಹೆಜ್ಜಿ ಇಡತೇನಿ ಅಂತ ಕುಂತ್ರ ಮಿರಗ ಹೋಗಿ ಹಸ್ತದ ಮಳಿ ಬರತೈತಿ. ನನ್ನದು ಹೇಳ್ತೇನಿ, ಕೇಳು.

ನಾ ರೈಲ್ವೆ ವರ್ಕ್‌ಶಾಪಿನಾಗ ಫಿಟ್ಟರ್ ಇದ್ದೆ. 2016ರಾಗ ರಿಟೈರ್ ಆದೆ. ಹಾರಾ ಶಾಲು ಹಾಕಿಸಿಕೊಂಡು ಮನಿಗೆ ಬಂದ ಮೂರನೇ ತಿಂಗಳಕ್ಕ ನಿಮ್ಮ ಕಾಕೂಗ ಲಕ್ವಾ ಹೊಡೀತು. ಎಡಗೈ ಹೋತು, ಎಡಗಾಲು ಹೋತು, ಮಾತು ಅರ್ಧ ಹೋತು. 36 ವರ್ಷ ಬೋಗಿ ಬಿಚ್ಚಿ ಜೋಡಿಸಿದ ಮನಷ್ಯಾಗ ಗ್ಯಾಸ ಸಣ್ಣ ಮಾಡೂದು ಯಾವ ಕಡೆ ತಿರುವಿ ಅಂತ ಗೊತ್ತಿರಲಿಲ್ಲ. ಆಕಿ ಹಾಸಿಗ್ಯಾಗ ಮಲಗಿ ನಾ ಅನ್ನ ಹೊತ್ತಸೂ ವಾಸನಿ ತಗೊಂಡು ಕಣ್ಣೀರ ಹಾಕಾಕಿ. ಅನ್ನಕ್ಕ ಅಳ್ತಾಳೋ ನನಗ ಅಳ್ತಾಳೋ ಗೊತ್ತಾಗ್ತಿರಲಿಲ್ಲ.

ಸಂಜಿಮುಂದ ಮಗಳು ಬಂದು ಒಂದ ತಾಸ ಕುಂದರಾಕಿ. ಆ ತಾಸಿನಾಗ ನಾ ಸಿದ್ಧಾರೂಢಮಠಕ್ಕ ಹೋಗಾಂವ. ಭಕ್ತಿಗೆ ಅಲ್ಲ, ಖರೇ ಹೇಳ್ತೇನಿ, ಮನಿಯಿಂದ ಓಡಿ ಹೋಗಾಕ. ಅಜ್ಜನ ಗದ್ದಿಗಿ ಮುಂದ ಕುಂತು ಮನಸಿನಾಗ ಬೈತಿದ್ದೆ. "ಓಂ ನಮಃ ಶಿವಾಯ" ಅಂತ ಸುತ್ತಲೂ ಮಂದಿ ಅಂತಿರೋರು, ನನ್ನ ಬಾಯಾಗ ಬ್ಯಾರೇನ ಬರ್ತಿತ್ತು.

ಒಂದ ದಿನ ಪ್ರಸಾದದ ಸಾಲಿನಾಗ ಬಡಸಾವರು ಕಡಿಮಿ ಬಿದ್ರು. ಅಲ್ಲಿದ್ದ ಮುದುಕರೊಬ್ರು ನನ್ನ ಮಾರಿ ಸುದ್ದಾ ನೋಡದ ಸಾರಿನ ಬಕೀಟ ಕೈಗೆ ಕೊಟ್ರು. "ಹೂಂ, ನಡೀರಿ" ಅಂದ್ರು. ಅಷ್ಟ. ಸಾರಿನ ಬಕೀಟ ಕೈಯಾಗಿದ್ದಾಗ ಅಳಾಕ ಬರೂದಿಲ್ಲ ತಂಗಿ, ಸುಡೂ ಸಾರು ಮಂದಿ ಕಾಲ ಮ್ಯಾಲೆ ಬೀಳತೈತಿ. ತಾಟ ನೋಡಬೇಕು, ಸವಟು ನೋಡಬೇಕು, "ಸಾರು, ಸಾರು" ಅಂತ ಒದರಬೇಕು. ಆ ನಲವತ್ತ ನಿಮಿಷ ನಾ ಲಕ್ವಾ ಹೊಡದಾಕಿ ಗಂಡ ಆಗಿರಲಿಲ್ಲ. ಮನಿಗೆ ಬಂದು ಅವತ್ತ ಮೊದಲ ಸಲ ಆಕಿಗೆ ಅಂಜದ ತಲಿ ತೊಳದೆ.

ಕಾಕೂ ಈಗೂ ಅದಾಳ. ಕೋಲ ಹಿಡದು ಬಾಗಲ ತನಕ ಅಡ್ಡ್ಯಾಡ್ತಾಳ. ಇದು ಅಜ್ಜನ ಪವಾಡ ಅಂತ ನಾ ಹೇಳೂದಿಲ್ಲ, ಫಿಜಿಯೋಥೆರಪಿ ಹುಡುಗಿ ಎರಡ ವರ್ಷ ದುಡದಾಳ. ನಾ ನೆಟ್ಟಗಾದದ್ದು ಮಾತ್ರ ಆ ಬಕೀಟದಿಂದ.

ಅಜ್ಜ ದೇಹ ಬಿಟ್ಟದ್ದು 1929ರಾಗ. ಇವತ್ತಿಗೂ ಆ ಮಠದಾಗ ಉಣ್ಣಾಕ ಕುಂತಾವರನ್ನ ನೀ ಯಾರು, ಯಾವ ಪೈಕಿ ಅಂತ ಕೇಳೂದಿಲ್ಲ. ನೀ ಬಂದಿಳಿಯೂ ಸ್ಟೇಷನ್ನಿಗೂ ಈಗ ಅವರ ಹೆಸರ. ಹಾಂ, ರೈಲಿಗೆ ಬಂದ್ರ ಡಬ್ಬಿ ನೋಡಿ ಹತ್ತು. 2023ರಾಗ ಆದ ಪ್ಲಾಟ್‌ಫಾರ್ಮ್ 1507 ಮೀಟರ್ ಐತಿ, ಜಗತ್ತಿನಾಗ ಉದ್ದಂದು ಅಂತ ಹೆಮ್ಮಿ ನಮಗ. ತಪ್ಪ ತುದಿಗೆ ಇಳದ್ರ ಗಂಟು ಹೊತ್ತು ನಡದು ನಡದು ಹೆಮ್ಮಿ ಇಳೀತೈತಿ.

—

ಗ್ರಹಬಲ_ಪರಿಹಾರ
ಮೇ 13, ಬೆಳಿಗ್ಗೆ 9:10

ಸಹೋದರಿ, ಇದು ಸ್ಪಷ್ಟವಾಗಿ ದೋಷದ ಲಕ್ಷಣ. ಮನೆ ಬದಲಿಸುವ ಮೊದಲು ಶಾಂತಿ ಮಾಡಿಸಲೇಬೇಕು, ಇಲ್ಲವಾದರೆ ಮಗಳಿಗೂ ಕಂಟಕ. ಕೆಳಗಿನ ನಂಬರಿಗೆ [ಅಳಿಸಲಾಗಿದೆ]

ನಿರ್ವಾಹಕ: ನಂಬರ್ ತೆಗೆದಿದ್ದೇವೆ, ಖಾತೆಯನ್ನೂ ತೆಗೆದಿದ್ದೇವೆ. ಗಂಡನನ್ನು ಕಳೆದುಕೊಂಡವರಿಗೆ ಮಗಳ ಹೆದರಿಕೆ ಹಾಕಿ ದುಡ್ಡು ಕೇಳುವ ಜಾಗ ಇದಲ್ಲ.

—

ರೂಮ್_ನಂಬರ್_7 (ಧಾರವಾಡ)
ಮೇ 13, ಮಧ್ಯಾಹ್ನ 1:25

ಒಬ್ಬನಾದರೂ ಉಲ್ಟಾ ಮಾತಾಡಬೇಕಲ್ಲ, ನಾನು ಮಾತಾಡ್ತೀನಿ. ಅಕ್ಕ ಬೇಜಾರಾಗಬೇಡಿ.

ಸಪ್ತಾಪುರದ ಒಂದು ರೂಮಿನಲ್ಲಿ ಆರು ವರ್ಷ ಇದ್ದೆ. ಕಾಂಪಿಟೇಟಿವ್ ಎಕ್ಸಾಮ್. ಧಾರವಾಡದಲ್ಲಿ ಇದೊಂದು ಜಾತಿ ಇದೆ, ಬೆಳಿಗ್ಗೆ ಲೈಬ್ರರಿಯಲ್ಲಿ ಖುರ್ಚಿ ಹಿಡಿಯೋದು, ರಾತ್ರಿ ಮೆಸ್ಸಿನಲ್ಲಿ ಹಳೇ ಪೇಪರ್ ಬಗ್ಗೆ ಜಗಳ ಆಡೋದು, ಊರಿಂದ ಫೋನ್ ಬಂದರೆ "ಓದಾಕತ್ತೇನಿ" ಅನ್ನೋದು. ಅವ್ವ ಅಷ್ಟೂ ವರ್ಷ ಹರಕೆ ಹೊತ್ತಳು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ಹೋದಳು, ಉಳವಿಗೆ ಹೋದಳು, ಸೋಮವಾರ ಒಂದು ತುತ್ತು ತಿನ್ನಲಿಲ್ಲ. ಕೊನೆಯ ಸಲ ಲಿಸ್ಟಿನಲ್ಲಿ ನನ್ನ ಹೆಸರು ಬರಲಿಲ್ಲ ಅಂತ ಹೇಳಿದಾಗ ಅವಳು ನನಗೆ ಬೈಯಲಿಲ್ಲ. "ಒಂದ ಸೋಮವಾರ ಮರತು ಚಹಾ ಕುಡದಿದ್ದೆ, ಅದಕ್ಕ ಹಿಂಗಾತು" ಅಂತ ಅತ್ತಳು.

ನನ್ನ ಮಾರ್ಕ್ಸ್ ಕಡಿಮೆ ಬಿದ್ದದ್ದಕ್ಕೆ ಅವ್ವನ ಒಂದು ಕಪ್ ಚಹಾ ಕಾರಣವಾ? ಅವತ್ತಿನಿಂದ ಯಾರಾದರೂ "ನಂಬಿಕೆ ಇಟ್ಟರೆ ಧೈರ್ಯ ಬರುತ್ತದೆ" ಅಂದರೆ ನನಗೆ ಮೈ ಉರಿಯುತ್ತದೆ. ಧೈರ್ಯ ಬರದಿದ್ದರೆ ನಿಮ್ಮ ನಂಬಿಕೆ ಕಡಿಮೆ ಆಯ್ತು ಅಂತ ಮತ್ತೊಂದು ಅಪರಾಧ ನಿಮ್ಮ ತಲೆಗೇ ಕಟ್ಟುತ್ತಾರೆ.

ನನಗೆ ಧೈರ್ಯ ಅಂತ ಬಂದದ್ದು ಅಪ್ಪನಿಗೆ ಫೋನ್ ಮಾಡಿ "ಸಾಕಾತಪ್ಪಾ, ನಾ ಬಿಡ್ತೇನಿ" ಅಂದಾಗ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಉಂಡಿಯೇನ?" ಅಂದ. ಈಗ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಟೋರ್ಸ್ ನೋಡ್ತೀನಿ.

ಕಾಕಾ, ನೀವು ಹೇಳಿದ್ದು ಚೆನ್ನಾಗಿದೆ. ಆದರೆ ನೀವು ಹೇಳಿದ್ದು ಬಕೆಟಿನ ಬಗ್ಗೆ, ದೇವರ ಬಗ್ಗೆ ಅಲ್ಲ.

—

ವರ್ಕ್‌ಶಾಪ್_ಕಾಕಾ
ಮೇ 13, ಮಧ್ಯಾಹ್ನ 2:05

ತಮ್ಮಾ, ಅವೆರಡೂ ಬ್ಯಾರೆ ಬ್ಯಾರೆ ಅಂತ ನಿನಗ ಯಾರ ಹೇಳಿದ್ರು? ಕಾಯಕದ ಊರಾಗ ಹುಟ್ಟಿ ಇಂಥಾ ಮಾತ ಆಡ್ತಿಯಲ್ಲ. ನಿಮ್ಮ ಅವ್ವನ ಚಹಾದ ಮಾತ ಮಾತ್ರ ಖರೇವಂದ್ರ ಹೊಟ್ಟ್ಯಾಗ ಕಲಸಿದಂಗಾತು. ಆಕಿಗೆ ಕುಂದರಿಸಿ ಹೇಳು, ದೇವರು ಚಹಾದ ಲೆಕ್ಕಾ ಇಡೂ ಗುಮಾಸ್ತ ಅಲ್ಲ ಅಂತ.

—

ಸವಣೂರ_ಹೊಲಿಗಿ
ಮೇ 13, ರಾತ್ರಿ 10:15

ಕಂಡಕಿ ಅಕ್ಕಾ, ನಂದೂ ನಿಮ್ಮದs ದಾರಿ. ನಮ್ಮವರು ಹೋಗಿ ಆರ ವರ್ಷ. ಎಲಿ ತೋಟದಾಗ ಎಲಿ ಕೊಯ್ಯೂ ಕೆಲಸ ಇತ್ತು ಅವರದ್ದು. ಸವಣೂರ ಎಲಿ ಅಂದ್ರ ನಿಮಗ ಗೊತ್ತs ಐತಿ.

ನಮ್ಮಲ್ಲಿ ಇದ್ದತ್ ಅಂತ ಐತಿ. ಗಂಡ ಹೋದ ಮ್ಯಾಲೆ 4 ತಿಂಗಳು 10 ದಿನ ಹೆಣ್ಣಮಗಳು ಮನ್ಯಾಗ ಇರಬೇಕು. ಹೊರಗಿನಾವರು ನೋಡಿದ್ರ "ಪಾಪ, ಕೂಡಿ ಹಾಕ್ಯಾರ" ಅಂತಾರ. ನನಗೂ ಮೊದಲ ಹಂಗs ಅನಸ್ತು. ಆದ್ರ ಒಂದ ಮಾತ ಹೇಳ್ತೇನಿ, ಆ ದಿನದಾಗ ಯಾರೂ ನನಗ "ಮುಂದೇನ ಮಾಡ್ತಿ" ಅಂತ ಕೇಳಲಿಲ್ಲ. ಅಳಾಕ ಇಷ್ಟ ದಿನ ಅಂತ ಮೇಲಿಂದ ಲೆಕ್ಕಾ ಕೊಟ್ಟಂಗ ಇತ್ತು. ನಿಮಗ ಆ ಲೆಕ್ಕ ಯಾರೂ ಕೊಟ್ಟಿಲ್ಲ ಅಕ್ಕಾ. ಮೂರನೇ ದಿನಕ್ಕ ಧೈರ್ಯ ತಗೋ ಅಂದ್ರ ಎಲ್ಲಿಂದ ತರೂದು?

ಅದು ಮುಗದ ಮರುದಿನ ಹೊರಗ ಹೋಗಬೇಕಾತು. ಫಜರ್ ನಮಾಜ್ ಮಾಡಿ ಹೊಸ್ತಲದಾಗ ನಿಂತೆ. ಕಾಲ ಥರಥರ. ಬಜಾರಕ್ಕ ಹೋಗಿ ಒಂದ ಉಂಡಿ ದಾರ, ಒಂದ ಮಷೀನ ಸೂಜಿ ತರಬೇಕಿತ್ತು, ಅಷ್ಟ. ಓಣ್ಯಾಗ ಎಲ್ಲಾರೂ ನನ್ನs ನೋಡ್ತಾರ ಅನಸ್ತು. ಅಂಗಡಿಯಾಂವ "ಯಾವ ನಂಬರ್ ಸೂಜಿ?" ಅಂದ. 16 ಅಂದೆ. ನನ್ನ ದನಿ ನನಗs ಹೊಸಾದ ಅನಸ್ತು. ಸೂಜಿ ಹಿಡಕೊಂಡು ಬರುವಾಗ ಕಾಲ ನಡಗೂದು ನಿಂತಿರಲಿಲ್ಲ, ಆದ್ರ ಮನಿ ಬಂದಿತ್ತು.

ಸಬರ್, ಅಂದ್ರ ತಾಳ್ಮಿ, ಸುಮ್ನ ಕುಂದರೂದು ಅಂತ ಎಲ್ಲಾರೂ ತಿಳಕೊಂಡಾರ. ನಮ್ಮ ಅಜ್ಜಿ ಹಂಗ ಹೇಳ್ತಿರಲಿಲ್ಲ. ಆಕಿ ನನ್ನನ್ನ ಸಣ್ಣಾಕಿ ಇದ್ದಾಗ ಶಿಶುನಾಳಕ್ಕ ಕರಕೊಂಡು ಹೋಗಾಕಿ. ಅಲ್ಲೆ ಗದ್ದಿಗಿ ಮುಂದ ಒಬ್ರು ಫಾತಿಹಾ ಓದ್ತಾರ, ಬಾಜೂಕ ಒಬ್ರು ಕಾಯಿ ಒಡೀತಾರ. ಶರೀಫ ಸಾಹೇಬ್ರ ಗುರುಗಳು ಕಳಸದ ಗೋವಿಂದ ಭಟ್ಟರು ಅಲ್ಲೇನ? "ಇಲ್ಲೆ ಯಾರ ದುಃಖಕ್ಕೂ ಬಾಗಲ ಬ್ಯಾರೆ ಇಲ್ಲ" ಅಂತಿದ್ಲು ಅಜ್ಜಿ. ನೀವು ಹುಬ್ಬಳ್ಳಿಯಿಂದ ಒಂದ ದಿನ ಬರ್ರಿ, ನಾನೂ ಬರತೇನಿ. ಬಸ್ಸಿಗೆ ರೊಕ್ಕ ಹತ್ತೂದಿಲ್ಲ ನಮಗ.

ಬ್ಲೌಸ್ ಹೊಲಿಸೂದಿದ್ರ ತರ್ರಿ ಮತ್ತ.

—

ಕೌಂಟರ್_ನಂಬರ್_3 (ಗದಗ)
ಮೇ 14, ಸಂಜೆ 6:30

ದೇವರ ವಿಷಯ ದೊಡ್ಡೋರು ಹೇಳ್ಯಾರ. ನಾ ಬ್ಯಾಂಕಿನಾಗ ಕೆಲಸ ಮಾಡೂ ಹೆಣ್ಣಮಗಳು, ನನಗ ಗೊತ್ತಿದ್ದದ್ದು ಹೇಳ್ತೀನಿ. ಒರಟ ಅನಿಸಿದ್ರ ಕ್ಷಮಾ ಇರಲಿ.

ನಿಮ್ಮ ಯಜಮಾನ್ರ ಪಾಸ್‌ಬುಕ್ ತಗೀರಿ. ಅವರು ಹೋಗೂ ಮುಂಚಿನ ಮೇ ತಿಂಗಳ ಆಸುಪಾಸು 436 ರೂಪಾಯಿ ಕಟ್ ಆಗ್ಯಾದೇನು ನೋಡ್ರಿ. ಆಗಿದ್ರ ಅದು ಜೀವನ್ ಜ್ಯೋತಿ ವಿಮಾ. ಹೆಂಗ ತೀರಿಕೊಂಡ್ರೂ ನಾಮಿನಿಗೆ 2 ಲಕ್ಷ. 20 ರೂಪಾಯಿ ಕಟ್ ಆಗಿದ್ರ ಅದು ಸುರಕ್ಷಾ ವಿಮಾ, ಅಪಘಾತಕ್ಕಷ್ಟ, ನಿಮಗ ಬರೂದಿಲ್ಲ. ತಡ ಆಗ್ಯಾದ, ಆದ್ರೂ ಡೆತ್ ಸರ್ಟಿಫಿಕೇಟ್ ತಗೊಂಡು ಹೋಗಿ ಕೇಳ್ರಿ, ಕ್ಲೇಮ್ ಫಾರ್ಮ್ ಕೊಡ್ರಿ ಅನ್ರಿ. "ಆಗೂದಿಲ್ಲ" ಅಂದ್ರ ಬರದು ಕೊಡ್ರಿ ಅನ್ರಿ. ಅಂಗಡ್ಯಾಗ ಪಿಎಫ್ ಕಟ್ತಿದ್ರು ಅಂದ್ರ ಅದರ ಜೋಡಿ ಒಂದ ವಿಮಾ ಇರ್ತದ, 7 ಲಕ್ಷದ ತನಕ, ಮತ್ತ ವಿಧವಾ ಪಿಂಚಣಿ ಬ್ಯಾರೆ. ನಾಡಕಚೇರ್ಯಾಗ ವಿಧವಾ ವೇತನಕ್ಕ ಅರ್ಜಿ ಹಾಕೀರೇನು? ತಿಂಗಳಿಗೆ 800, ದೊಡ್ಡದಲ್ಲ, ಗ್ಯಾಸಿಗೆ ಆಗ್ತದ.

ಎಷ್ಟ ಮಂದಿ ಹೆಣ್ಣಮಕ್ಕಳು ಗಂಡನ ಪಾಸ್‌ಬುಕ್ ದೇವರ ಜಗಲಿ ಮ್ಯಾಲೆ ಇಟ್ಟು ಊದಿನಕಡ್ಡಿ ಬೆಳಗ್ತಾರ, ಬಿಚ್ಚಿ ನೋಡೂದಿಲ್ಲ. ನೀವು ಕರಡಿಗಿ ಬಿಚ್ಚಿಲ್ಲ ಅಂದ್ರಲ್ಲ, ಪಾಸ್‌ಬುಕ್ಕರ ಬಿಚ್ಚೀರೇನು?

ಇನ್ನೊಂದು, ಒಂಬತ್ತು ತಿಂಗಳು ರಾತ್ರಿ ಮೂರಕ್ಕ ಎಚ್ಚರ ಆಗೂದು ಬರೇ ಚಿಂತಿ ಅಲ್ಲ, ಅದಕ್ಕ ಔಷಧ ಅದ. 14416ಕ್ಕ ಫೋನ್ ಮಾಡ್ರಿ, ಟೆಲಿ-ಮಾನಸ್ ಅಂತ, ಕನ್ನಡದಾಗ ಮಾತಾಡ್ತಾರ, ಪುಕ್ಕಟೆ. ಹುಬ್ಬಳ್ಳಿಗೆ ಹೋದ್ರಂತೂ ಧಾರವಾಡದ ಡಿಮ್ಹಾನ್ಸ್ ಹತ್ರ ಆಗ್ತದ. ಹುಚ್ಚರ ದವಾಖಾನಿ ಅಂತ ಮಂದಿ ಅಂತಾರ, ಅನ್ನಲಿ.

—

ಅಕ್ಕೋರು (ಬ್ಯಾಡಗಿ)
ಮೇ 14, ರಾತ್ರಿ 8:50

ಎಲ್ಲರೂ ಒಂದು ಮಾತು ದಾಟಿ ಹೋದ್ರಿ, ನಾ ಅದನ್ನ ಹಿಡೀತೀನಿ. ಸೂತಕ.

ಕಂಡಕಿ ಅಕ್ಕಾ, ಕೊಳ್ಳಾಗ ಲಿಂಗ ಕಟ್ಟಿದಾಕಿಗೆ ಯಾವ ಸೂತಕ? ಜನನ, ಮರಣ, ಮುಟ್ಟು, ಎಂಜಲು, ಜಾತಿ, ಈ ಐದೂ ಸೂತಕ ಇಲ್ಲ ಅಂತ ಶರಣರು 12ನೇ ಶತಮಾನದಾಗ ಹೇಳಿ ಕೂತಾರ. ಕೈಯಾಗಿನ ಲಿಂಗ ಮತ್ತ ಅದನ್ನ ಹಿಡದ ಕೈ, ಇವೆರಡರ ನಡುವ ಬರಾಕ ಪೂಜಾರಿಗೂ ಹಕ್ಕಿಲ್ಲ, ನೆಗೆಣ್ಣಿಗೂ ಹಕ್ಕಿಲ್ಲ. ಗಂಡ ಇದ್ದಾಕಿ ಲಿಂಗ ಬ್ಯಾರೆ, ಇಲ್ಲದಾಕಿ ಲಿಂಗ ಬ್ಯಾರೆ ಅಂತ ಎಲ್ಲರ ಐತೇನು? ನಾವs ಬಸವಣ್ಣನ ಫೋಟೋಕ್ಕ ಹಾರ ಹಾಕಿ, ಜಯಂತಿ ದಿನ ಮೆರವಣಿಗಿ ಮಾಡಿ, ಮನ್ಯಾಗ ಸತ್ತಾಗ ಮಾತ್ರ ಎಲ್ಲಾ ಮರತು ಹಳೇ ಸೂತಕಕ್ಕ ಓಡ್ತೀವಿ. ನನಗ ಸಿಟ್ಟ ಬರೂದು ಇದಕ್ಕ.

ನಮ್ಮ ಅತ್ತಿಯವರು ತೀರಿಕೊಂಡ ದಿನ ನಾ ಪೂಜಾ ಮಾಡಿದೆ. ನಾಲ್ಕ ಮಂದಿ ಹೆಂಗಸರು ಬಾಗಲಾಗ ನಿಂತು ಗುಸುಗುಸು ಅಂದ್ರು. ನನಗ ಧೈರ್ಯ ಬಂದಿತ್ತೇನು? ಇಲ್ಲ. ವಿಭೂತಿ ಹಚ್ಚುವಾಗ ಬೆರಳ ನಡಗಿ ಮೂರು ಗೆರಿ ಹೋಗಿ ಹಣಿ ತುಂಬ ಬೆಳ್ಳಗಾಗಿತ್ತು. ನಮ್ಮ ಮಾವನವರು ನೋಡಿ "ನನಗೂ ಹಚ್ಚವಾ" ಅಂದ್ರು. ಗುಸುಗುಸು ಅಲ್ಲಿಗೆ ನಿಂತಿತು.

ನಿಮಗ ಸಿಟ್ಟಿದ್ರ ಸಿಟ್ಟಿನಿಂದನ ಬಿಚ್ರಿ. ಲಿಂಗ ಎಡಗೈಯಾಗ ಇಟ್ಟು ಬೈರಿ ಬೇಕಾದ್ರ. ದೂರ ಇಟ್ಟು ಮುನಿಸಿಕೊಳ್ಳೂದ್ಕಿಂತ ಅದು ಚೊಲೋ.

—

ಕಂಡಕಿ_ಅಕ್ಕ
ಮೇ 15, ರಾತ್ರಿ 12:20

ಎಲ್ಲಾ ಓದಿದೆ. ಮಗಳು ಒಂದ ಸಲ ಓದಿ ಹೇಳಿದ್ಲು, ನಾ ಎರಡ ಸಲ ಓದಿದೆ.

ಪಾಸ್‌ಬುಕ್ ಬಿಚ್ಚಿದೆ, ಬಾಯಾರ. ಜಗಲಿ ಮ್ಯಾಲೆ ಇಟ್ಟಿದ್ದೆ ಖರೇ, ನೀವು ಹೆಂಗ ಕಂಡ್ರಿ? 436 ಐತಿ. ಅವರು ನನಗ ಒಂದ ಮಾತ ಹೇಳಿರಲಿಲ್ಲ. ಆ ಅಂಕಿ ಮ್ಯಾಲೆ ಕೈ ಇಟ್ಟು ಭಾಳ ಹೊತ್ತ ಕುಂತೆ. ನಾಳೆ ಬ್ಯಾಂಕಿಗೆ ಹೋಗ್ತೇನಿ.

ರೂಮ್ ನಂಬರ್ ಏಳು ತಮ್ಮಾ, ನೀ ಉಲ್ಟಾ ಮಾತಾಡಿಲ್ಲ. ನನ್ನ ನಂಬಿಕಿ ಕಡಿಮಿ ಇತ್ತು ಅದಕ್ಕ ಅವರು ಹೋದ್ರು ಅಂತ ಒಬ್ಬಾಕಿ ನನ್ನ ಮಾರಿ ಮ್ಯಾಲೆ ಹೇಳ್ಯಾಳ. ಅವತ್ತ ನನಗ ಬಾಯಿ ಬರಲಿಲ್ಲ. ನಿನ್ನ ಅವ್ವಗ ಫೋನ ಹಚ್ಚು ಒಮ್ಮೆ.

ಅಕ್ಕೋರ, ಕರಡಿಗಿ ಇನ್ನೂ ಬಿಚ್ಚಿಲ್ಲ. ಸುಳ್ಳ ಯಾಕ ಹೇಳ್ಲಿ.

—

ಮಂದ್ರ_ಸಪ್ತಕ (ಹಾವೇರಿ)
ಮೇ 16, ಬೆಳಿಗ್ಗೆ 7:15

ಮೊಬೈಲಿಗೆ ಮಾತಾಡಿ ಬರೆಸುತ್ತಿದ್ದೇನೆ, ಒತ್ತು ದೀರ್ಘ ತಪ್ಪಿದ್ದರೆ ಅದರ ತಪ್ಪು. ನನಗೆ ಕಣ್ಣಿಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನು, ಈಗ ಸಂಗೀತ ಮೇಷ್ಟ್ರು.

ಹೊಸ ಊರು, ಹೊಸ ಮನೆ ಅಂದರೆ ಏನು ಅಂತ ನನ್ನಷ್ಟು ಗೊತ್ತಿರುವವರು ಕಡಿಮೆ. ಎಂಟು ವರ್ಷದವನಿದ್ದಾಗ ಅವ್ವ ರೋಣದ ಕಡೆಯ ನಮ್ಮ ಹಳ್ಳಿಯಿಂದ ಕರೆದುಕೊಂಡು ಬಂದು ಆಶ್ರಮದಲ್ಲಿ ಬಿಟ್ಟು ಹೋದಳು. "ನೀರ ಕುಡದು ಬರತೇನಿ" ಅಂದಳು, ಬರಲಿಲ್ಲ. ಈಗ ಅರ್ಥವಾಗುತ್ತದೆ, ಹೇಳಿ ಹೋಗುವ ಶಕ್ತಿ ಅವಳಿಗೆ ಇರಲಿಲ್ಲ. ಅವತ್ತು ರಾತ್ರಿ ನನಗಿಂತ ದೊಡ್ಡ ಹುಡುಗನೊಬ್ಬ, ಅವನಿಗೂ ಕಣ್ಣಿಲ್ಲ, ನನ್ನ ಕೈ ಹಿಡಿದು ಗೋಡೆಗೆ ಹಚ್ಚಿದ. "ಇಲ್ಲಿಂದ ಊಟದ ಮನೆಗೆ 42 ಹೆಜ್ಜೆ. ಗೋಡೆ ಬಿಡಬೇಡ" ಅಂದ. ನಾನು ಅಳುತ್ತಲೇ ಎಣಿಸಿದೆ. ನನ್ನ ಕಾಲು ಸಣ್ಣವು, 57 ಆಯಿತು. "ಸುಳ್ಳು ಹೇಳಿದಿ" ಅಂತ ಜಗಳ ತೆಗೆದೆ. ಜಗಳದಲ್ಲಿ ಅಳು ಮರೆತುಹೋಯಿತು.

ನೀವು ಗದುಗಿನವರು, ನಿಮಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಪಂಚಾಕ್ಷರಿ ಗವಾಯಿಗಳು ಇದೇ ಹಾವೇರಿ ಜಿಲ್ಲೆಯ ಹಾನಗಲ್ಲ ಸೀಮೆಯವರು, ಹುಟ್ಟಿನಿಂದ ಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಆ ಹುಡುಗನ ಕಂಠ ಕೇಳಿ ಸಂಗೀತ ಕಲಿಸಿದರು. 1944ರಲ್ಲಿ ಗವಾಯಿಗಳು ಹೋದಾಗ ಆಶ್ರಮದ ಭಾರ ಬಿದ್ದದ್ದು ಇನ್ನೂ ಮೂವತ್ತು ವರ್ಷದ ಪುಟ್ಟರಾಜರ ಮೇಲೆ, ಅವರಿಗೂ ಕಣ್ಣಿಲ್ಲ. ಅಷ್ಟು ಮಕ್ಕಳ ಹೊಟ್ಟೆ, ಕೈಯಲ್ಲಿ ಹಾರ್ಮೋನಿಯಂ. ಮುಂದೆ 66 ವರ್ಷ ನಡೆಸಿದರು. ನಾಟಕ ಕಂಪನಿ ಕಟ್ಟಿದರು, ಭಕ್ತರು ತುಲಾಭಾರ ಮಾಡಿದ ದುಡ್ಡನ್ನು ಮಕ್ಕಳ ಅನ್ನಕ್ಕೆ ಹಾಕಿದರು. ಭಾರ ಹಾಕುವುದು ಹೇಗೆ ಅಂತ ಕೇಳಿದಿರಲ್ಲ ಅಕ್ಕ, ಅಜ್ಜಾರು ತಕ್ಕಡಿಯಲ್ಲಿ ತಾವೇ ಕೂತರು.

2010ರ ಸೆಪ್ಟೆಂಬರ್ 17ರಂದು ಅಜ್ಜಾರು ಹೋದರು. ಗದಗ ತುಂಬ ಮಂದಿ. ನನಗೆ ಮಂದಿ ಕಾಣುವುದಿಲ್ಲ, ಅಳುವ ದನಿ ಮಾತ್ರ, ಯಾವ ಕಡೆ ತಿರುಗಿದರೂ. ಆಮೇಲೆ ಒಂದು ವಾರ ನನಗೆ ಷಡ್ಜ ಹಿಡಿಯಲು ಆಗಲಿಲ್ಲ. ಬರೇ ಸಾ. ತಂಬೂರಿ ಮೀಟುತ್ತೇನೆ, ದನಿ ಒಡೆಯುತ್ತದೆ. ಎಂಟನೇ ದಿನವೂ ಒಡೆಯಿತು. ಒಡೆದ ದನಿಯಲ್ಲೇ ಹಿಡಿದುಕೊಂಡು ಕುಳಿತೆ, ಯಾಕಂದರೆ ಮುಂದೆ ಇಬ್ಬರು ಸಣ್ಣ ಹುಡುಗರು ಪಾಠಕ್ಕೆ ಕೂತಿದ್ದರು, ಅವರಿಗೆ ನನ್ನ ಸಾ ಬೇಕಿತ್ತು.

ರೂಮ್ ನಂಬರ್ 7 ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ನನಗೂ ಬಹಳ ಜನ "ಪೂರ್ವಜನ್ಮದ ಕರ್ಮ" ಅಂದಿದ್ದಾರೆ. ನಾನು ಅಂಥವರಿಗೆ ತಂಬೂರಿ ಶ್ರುತಿ ಮಾಡಲು ಕೊಡುತ್ತೇನೆ. ಸುಮ್ಮನಾಗುತ್ತಾರೆ.

ಅಕ್ಕ, ಹೊಸ ಮನೆಗೆ ಹೋದ ದಿನ ಹೆಜ್ಜೆ ಎಣಿಸಿ. ಹಾಸಿಗೆಯಿಂದ ಬಚ್ಚಲಿಗೆ ಎಷ್ಟು, ಬಾಗಿಲಿನಿಂದ ನಳಕ್ಕೆ ಎಷ್ಟು. ರಾತ್ರಿ ಮೂರಕ್ಕೆ ಎಚ್ಚರವಾದರೆ ಲೈಟ್ ಹಚ್ಚದೆ ಹೋಗಿ ನೀರು ಕುಡಿದು ಬನ್ನಿ. ಕತ್ತಲೆಯಲ್ಲಿ ಆ ಮನೆ ನಿಮ್ಮದಾಗುತ್ತದೆ.

—

ರೂಮ್_ನಂಬರ್_7
ಮೇ 16, ರಾತ್ರಿ 9:40

ಮೇಷ್ಟ್ರೇ, 57 ಹೆಜ್ಜೆ ಓದಿ ಸ್ಟೋರ್ಸಿನಲ್ಲಿ ಒಬ್ಬನೇ ನಕ್ಕೆ, ಆಮೇಲೆ ನಗು ಗಂಟಲಲ್ಲಿ ಸಿಕ್ಕಿತು.

ಅವ್ವನಿಗೆ ಫೋನ್ ಮಾಡಿದೆ. ಕಾಕಾ ಹೇಳಿದ ಗುಮಾಸ್ತನ ಮಾತು ಹೇಳಿದೆ. "ಯಾರಪಾ ಆ ಕಾಕಾ, ದೇವರ ಬಗ್ಗೆ ಹಂಗ ಮಾತಾಡ್ತಾನ?" ಅಂತ ಬೈದಳು. ಸ್ವಲ್ಪ ಹೊತ್ತಾದ ಮೇಲೆ "ಸೋಮವಾರ ಚಹಾ ಕುಡದ್ರ ನಡೀತೈತೇನು ಹಂಗಾದ್ರ?" ಅಂದಳು. ನಾನು ಇವತ್ತಿಗೂ ಗುಡಿಗೆ ಹೋಗುವವನಲ್ಲ. ಆದರೆ "ನಡೀತೈತಿ ಅವ್ವಾ" ಅಂತ ದೇವರ ಪರವಾಗಿ ನಾನೇ ಪರ್ಮಿಷನ್ ಕೊಟ್ಟೆ.

—

ಕಂಡಕಿ_ಅಕ್ಕ (ಹುಬ್ಬಳ್ಳಿ)
ಜೂನ್ 25, ಮಧ್ಯಾಹ್ನ 3:10

ಬಂದೇವಿ. ಜೂನ್ 5ಕ್ಕ ಬಂದ್ವಿ, ಮಿರಗಕ್ಕ ಇನ್ನೂ ಮೂರ ದಿನ ಇತ್ತು.

ಧೈರ್ಯ ಬಂದು ಬಂದಿಲ್ಲ. ಟಾಟಾ ಏಸ್ ಬಾಗಲಿಗೆ ಬಂದು ನಿಂತಿತ್ತು, ಡ್ರೈವರ್ "ಅಕ್ಕಾರ, ಮಳಿ ಮಾಡ ಐತಿ, ಲಗೂ ಮಾಡ್ರಿ" ಅಂದ, ಅದಕ್ಕ ಹತ್ತಿದೆ. ಗ್ವಾಡಿ ಮ್ಯಾಲಿನ ಗೀಟದ ಫೋಟೋ ಮಗಳು ಹೊಡಕೊಂಡ್ಲು. ವಾಟಗಾ ನಾ ಸೆರಗಿನಾಗ ಕಟ್ಟಿಕೊಂಡಿದ್ದೆ. ಅಣ್ಣಿಗೇರಿ ದಾಟೂ ತನಕ ಹಿಂದಕ್ಕ ನೋಡಿದೆ, ಆಮ್ಯಾಲೆ ಕೊಳ್ಳ ನೋವಾತು.

ಮೊದಲ ದಿನ ರಾತ್ರಿ ಮೂರಕ್ಕ ಎಚ್ಚರ ಆತು. ಕರೆಂಟ್ ಹೋಗಿತ್ತು. ಮೇಷ್ಟ್ರ ಮಾತ ನೆನಪಾಗಿ ಎಣಿಸಿದೆ, ಹಾಸಿಗಿಯಿಂದ ನೀರಿನ ಕೊಡಕ್ಕ 9 ಹೆಜ್ಜಿ. ನೀರ ಕುಡದು ಅಲ್ಲೇ ಕುಂತೆ. ಕತ್ತಲಾಗ ಯಾಕೋ ಕೈ ಕೊಳ್ಳಿಗೆ ಹೋತು. ಕರಡಿಗಿ ಬಿಗಿದು ಕುಂತಿತ್ತು, ಹತ್ತ ತಿಂಗಳ ಜಂಗ. ಸೆರಗ ಹಚ್ಚಿ ತಿರುವಿದೆ, ಬಿಚ್ಚಿತು. ಲಿಂಗ ಎಡಗೈಯಾಗ ತಗೊಂಡೆ. ಬೆರಳ ಆಡಿಸಿದ್ರ ಮ್ಯಾಲಿನ ಕರೀ ಲೇಪ ಒಂದ ಕಡೆ ಸೀಳಿತ್ತು. ಮೊದಲಿನಂಗ ಇದ್ದಿದ್ರ ಅಪಶಕುನ ಅಂತ ಎದಿ ಒಡಕೊಂತಿದ್ದೆ. ಅವತ್ತ "ನೀನೂ ಸೀಳಿಯೇನೋ ಶಿವನ" ಅಂದೆ. ಬೈಬೇಕಂತ ಎಷ್ಟ ಮಾತ ಕೂಡಿಟ್ಟಿದ್ದೆ, ಒಂದೂ ಬರಲಿಲ್ಲ. ಭಾರ ಹಾಕೂದ ದೂರ ಉಳೀತು, ಅವನ್ನs ನಾ ಹಿಡಕೊಂಡು ಕುಂತಿದ್ದೆ. ಏನ ಹಗೂರ ಇತ್ತು ಅಂತೀರಿ. ಮಗಳು ಎದ್ದು ಕತ್ತಲಾಗ "ಅವ್ವಾ, ಎಲ್ಲದೀ?" ಅಂದ್ಲು. "ಒಂಬತ್ತ ಹೆಜ್ಜಿ ಬಾ" ಅಂದೆ. ಆಕಿ ನನಗ ತಲಿ ಕೆಟ್ಟೇತಿ ಅಂತ ತಿಳದ್ಲು.

ಮೂಡನಾಗ ಬೆಳಕ ಆದ ಮ್ಯಾಲೆ ಎಸರ ಇಟ್ಟು ಹಿಟ್ಟ ನಾದಿದೆ. ಮೊದಲ ದಿನ 40 ರೊಟ್ಟಿ ಅಂತ ತಮ್ಮ ಹೇಳಿದ್ದ. ಇಲ್ಲಿ ಗಿರಣಿ ಹಿಟ್ಟ ಜಿಗಿ ಇಲ್ಲ, ಮೊದಲಿನ 11 ರೊಟ್ಟಿ ಬಡಿಯೂದ್ರಾಗ ಅಂಚು ಹರದ್ವು. ಎಸರ ಇನ್ನಷ್ಟ ಕುದಿಸಿ ಹಾಕಿದ ಮ್ಯಾಲೆ ಕೂಡಿಕೊಂಡು ಬಂದ್ವು. ಹರದ 11 ನಾವs ಎರಡ ದಿನ ತಿಂದ್ವಿ. ಈಗ ದಿನಾ 120 ಹೊಕ್ಕಾವ.

ಬ್ಯಾಂಕಿನಾವರು ಮೂರ ಸಲ ಅಡ್ಡ್ಯಾಡಿಸಿದ್ರು. ನಾಲ್ಕನೇ ಸಲ "ಬರದು ಕೊಡ್ರಿ" ಅಂದೆ, ಫಾರ್ಮ್ ತಗೊಂಡಾರ. ರೊಕ್ಕ ಇನ್ನೂ ಬಂದಿಲ್ಲ. 14416ಕ್ಕ ಮಾತಾಡಿದೆ, ಮುಂದಿನ ವಾರ ಧಾರವಾಡಕ್ಕ ಹೋಗೂದೈತಿ. ಮಠಕ್ಕ ಒಮ್ಮೆ ಹೋದೆ, ಕಾಕಾರು ಕಾಣಲಿಲ್ಲ, ಬಡಸಾಕ ಭಾಳ ಮಂದಿ ಇದ್ರು, ನನಗ ಬಕೀಟ ಸಿಗಲಿಲ್ಲ.

ಇವತ್ತ ಮಣ್ಣೆತ್ತಿನ ಅಮಾಸಿ. ಮಗಳು ಇಷ್ಟ ದೊಡ್ಡಾಕಿ ಆಗಿ ಎತ್ತ ಬೇಕಂತ ಹಟಾ ಹಿಡದ್ಲು. ತಂದ್ವಿ. ಎತ್ತಿನ ಮುಂದ ಗ್ವಾದಲಿ ಮಾಡಿ ನಾಲ್ಕ ಕಾಳ ಜ್ವಾಳ ಹಾಕೇವಿ. ನೀರ ಇಡಾಕ ಸಣ್ಣದೇನೂ ಸಿಗಲಿಲ್ಲ, ಆ ವಾಟಗಾ ಇಟ್ಟೇವಿ.

—

ವರ್ಕ್‌ಶಾಪ್_ಕಾಕಾ
ಜೂನ್ 25, ಸಂಜೆ 5:00

ಗುರುವಾರ ಬಾ ತಂಗೀ, ಐದೂವರಿಗೆ. ಬಕೀಟ ನಾ ಹಿಡದಿಟ್ಟಿರತೇನಿ. ಬರುವಾಗ ಕಾಕೂಗ ಆರ ಮೆತ್ತನ ರೊಟ್ಟಿ ತಾ, ಕಟಕ ರೊಟ್ಟಿ ಆಕಿಗೆ ಅಗಿಯಾಕ ಬರೂದಿಲ್ಲ.

—

ರೂಮ್_ನಂಬರ್_7
ಜೂನ್ 25, ಸಂಜೆ 7:20

ಅಕ್ಕ, ಕಟಕ ರೊಟ್ಟಿ ನನಗೆ ಕೊಡಿ. ಇಪ್ಪತ್ತು. ಚಿಗರಿ ಬಸ್ಸಿನಲ್ಲಿ ಭಾನುವಾರ ಬಂದು ಒಯ್ತೀನಿ. ಗುರೆಳ್ಳು ಚಟ್ನಿ ಮಾಡ್ತೀರಾ?

—

ಕಂಡಕಿ_ಅಕ್ಕ
ಜೂನ್ 25, ರಾತ್ರಿ 8:05

ಮಾಡ್ತೇನಿ. ಬ್ಯಾಡಗಿ ಮೆಣಸಿನಕಾಯಿ ಇನ್ನೂ ಗಂಟಿನಾಗ ಅದಾವ, ನಾಳೆ ಬಿಚ್ಚತೇನಿ.